ಅಟ್ಟದ ಮೇಲಿನ ಮೊರ



ಭೂಮಿ ಹುಣ್ಣಿಮೆಗೆ ಇನ್ನು ಮೂರು ದಿನ ಉಳಿದಿತ್ತು. ಅಂಜನಾಪುರದ ಸುತ್ತಿನ ಗದ್ದೆಗಳಲ್ಲಿ ಭತ್ತ ಹೊಡೆಗಟ್ಟಿ ನಿಂತಿದ್ದ ಕಾಲ. ಅಂದು ಮಧ್ಯಾಹ್ನ ನಮ್ಮ ನೆರೆಮನೆಯ ಸೊಸೆ ಒಂದು ಪ್ಲಾಸ್ಟಿಕ್ ಬುಟ್ಟಿಯನ್ನು ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಳು. ಅವರದು ದೀವರ ಮನೆತನ. ಭೂಮಿ ಹುಣ್ಣಿಮೆಯಂದು ಗದ್ದೆಗೆ ಎಡೆ ಒಯ್ಯುವ ಬುಟ್ಟಿಗೆ ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನ ಚಿತ್ತಾರ ಬರೆಯುವುದು ಅವರ ಮನೆಯ ಹೆಣ್ಣುಮಕ್ಕಳ ಸಂಪ್ರದಾಯ. ಆಕೆಯ ಬೆರಳುಗಳಿಗೆ ಕೆಮ್ಮಣ್ಣು ಮೆತ್ತಿತ್ತು. ಬುಟ್ಟಿಗೆ ಮಾತ್ರ ಮೆತ್ತಿರಲಿಲ್ಲ. "ಎರಡು ಸಲ ಬಳಿದೆ ಅಮ್ಮ, ಒಣಗಿದ ಕೂಡಲೇ ಹಪ್ಪಳದಂತೆ ಎದ್ದು ಬರುತ್ತದೆ. ಅತ್ತೆಯವರ ಬಿದಿರು ಬುಟ್ಟಿ ಹೋದ ವರ್ಷವೇ ಮುರಿಯಿತು. ಪೇಟೆಯಲ್ಲಿ ಎಲ್ಲಿ ಕೇಳಿದರೂ ಇದನ್ನೇ ಕೊಡುತ್ತಾರೆ. ನಿಮ್ಮಲ್ಲಿ ಹಳೆಯದು ಏನಾದರೂ ಇದೆಯೇ?" ಎಂದು ಕೇಳಿದಳು.

ನಾನು ಅಟ್ಟ ಹತ್ತಿದೆ. ಬುಟ್ಟಿಯೊಂದು ಸಿಕ್ಕಿತು. ಅದರ ಕೆಳಗೆ ಕವುಚಿ ಇಟ್ಟಿದ್ದ ಮೊರವೂ ಸಿಕ್ಕಿತು. ಬುಟ್ಟಿಯನ್ನು ಆಕೆಗೆ ಕೊಟ್ಟು ಕಳುಹಿಸಿದೆ. ಮೊರವನ್ನು ಜಗಲಿಗೆ ತಂದು ಧೂಳು ಒರೆಸುತ್ತ ಕುಳಿತೆ. ರಜೆಗೆ ಬಂದಿದ್ದ ಮೊಮ್ಮಗಳು ಅದನ್ನು ಕೈಗೆತ್ತಿಕೊಂಡು, "ಅಜ್ಜೀ, ಇದು ಗೋಡೆಗೆ ತೂಗುಹಾಕುವುದೇ?" ಎಂದು ಕೇಳಿದಳು. ಆ ಪ್ರಶ್ನೆಯೇ ಈ ತಿಂಗಳ ಲೇಖನಕ್ಕೆ ಪ್ರೇರಣೆ.

ಮಗು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಆಕೆ ಮೊರವನ್ನು ಕಂಡದ್ದು ಪಟ್ಟಣದ ಹೋಟೆಲೊಂದರ ಗೋಡೆಯ ಮೇಲೆ. ಅದನ್ನು ಬಳಸುವುದನ್ನು ಆಕೆ ಕಂಡಿಲ್ಲ. ಏಕೆಂದರೆ ಅವಳ ಅಜ್ಜಿಯಾದ ನಾನೇ ಅದನ್ನು ಅಟ್ಟಕ್ಕೆ ಏರಿಸಿದ್ದೆ.

ನಮ್ಮ ಸೀಮೆಯ ಮನೆಗಳಲ್ಲಿ ಒಂದು ಕಾಲಕ್ಕೆ ಬಿದಿರಿಲ್ಲದ ಮೂಲೆಯೇ ಇರಲಿಲ್ಲ. ಭತ್ತ ತುಂಬಿಡಲು ಸಗಣಿ ಸಾರಿಸಿದ ಬಿದಿರಿನ ಕಣಜ, ಗೊಬ್ಬರ ಹೊರಲು ಹೆಡಿಗೆ, ಅನ್ನ ಬಸಿಯಲು ಸಿಬ್ಬಲು, ಎತ್ತಿನ ಬಾಯಿಗೆ ಕುಕ್ಕೆ, ಸುರಿಯುವ ಮಳೆಯಲ್ಲಿ ನಾಟಿ ಮಾಡುವ ಹೆಣ್ಣುಮಕ್ಕಳ ಬೆನ್ನಿಗೆ ಗೊರಬು, ಕೂಸಿಗೆ ತೊಟ್ಟಿಲು. ಹುಟ್ಟಿದ ಮಗುವನ್ನು ಮೊದಲು ಮಲಗಿಸುತ್ತಿದ್ದುದೂ ಮೊರದಲ್ಲಿಯೇ. ಗೌರಿ ಹಬ್ಬದಲ್ಲಿ ಮುತ್ತೈದೆಗೆ ಬಾಗಿನ ಕೊಡುತ್ತಿದ್ದುದೂ ಮೊರದಲ್ಲಿಯೇ. ಇವಾವುವನ್ನೂ ನಾವು ಕಲೆಯೆಂದು ಕರೆಯುತ್ತಿರಲಿಲ್ಲ. ಅವು ಮನೆಯ ಸಾಮಾನುಗಳಾಗಿದ್ದವು, ಅಷ್ಟೇ.

ಆದರೆ ಕೈಯಲ್ಲಿ ಹಿಡಿದು ನಿಧಾನವಾಗಿ ನೋಡಿದಾಗ ಮೊರವೊಂದು ಎಷ್ಟು ವಿವೇಕದಿಂದ ಹುಟ್ಟಿದ ವಸ್ತು ಎಂಬುದು ತಿಳಿಯುತ್ತದೆ. ಬಿದಿರು ತೀರ ಎಳೆಯದಾದರೆ ಒಣಗಿದ ಮೇಲೆ ಕುಗ್ಗಿ ಹೆಣಿಗೆ ಸಡಿಲವಾಗುತ್ತದೆ. ತೀರ ಬಲಿತಿದ್ದರೆ ಬಾಗಿಸುವಾಗ ಮುರಿಯುತ್ತದೆ. ತಕ್ಕ ವಯಸ್ಸಿನ ಗಳುವನ್ನು ಆರಿಸಿ, ಉದ್ದಕ್ಕೆ ಸೀಳಿ, ಹೊರಗಿನ ಹಸಿರು ಸಿಪ್ಪೆಯ ಗಟ್ಟಿ ಭಾಗವನ್ನೂ ಒಳಗಿನ ಮೆತ್ತನೆಯ ಭಾಗವನ್ನೂ ಬೇರ್ಪಡಿಸಿ, ಕಾಗದದಷ್ಟು ತೆಳುವಾದ ಸಲಕೆಗಳನ್ನು ತೆಗೆಯಬೇಕು. ಬಿದಿರಿನಲ್ಲಿ ಪಿಷ್ಟವಿರುವುದರಿಂದ ಕುಟ್ಟೆಹುಳು ಅದಕ್ಕೆ ಬೇಗ ತಗಲುತ್ತದೆ. ನೀರಿನಲ್ಲಿ ನೆನೆಹಾಕಿದರೆ ಆ ಅಂಶ ಕಡಿಮೆಯಾಗಿ ಬಾಳಿಕೆ ಹೆಚ್ಚುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ತಾಗುವಂತೆ ಇಡುತ್ತಿದ್ದುದೂ ಇದೇ ಕಾರಣಕ್ಕೆ. ಹೊಸ ಮೊರದ ಸಂದುಗಳನ್ನು ಮುಚ್ಚಲು ನಮ್ಮ ತಾಯಂದಿರು ನೆನೆಸಿ ಅರೆದ ಮೆಂತ್ಯವನ್ನು ಕಾಗದದೊಡನೆ ಕಲಸಿ ಬಳಿಯುತ್ತಿದ್ದರು. ಇಲ್ಲವೇ ಸಗಣಿ ಸಾರಿಸುತ್ತಿದ್ದರು.

ಇನ್ನು ಅದರ ಕೆಲಸ. ಕೇರುವಾಗ ಹೊಟ್ಟು ಗಾಳಿಗೆ ಮುಂದಕ್ಕೆ ಹಾರುತ್ತದೆ, ಕಾಳು ಹಿಂದಕ್ಕೆ ಉಳಿಯುತ್ತದೆ, ಕಲ್ಲು ಬೇರೆಯೇ ಕೂಡಿಕೊಳ್ಳುತ್ತದೆ. ಹೆಣಿಗೆಯ ಸಣ್ಣ ಸಣ್ಣ ಏರುಗಳು ಕಾಳನ್ನು ತಡೆದು ನಿಲ್ಲಿಸುತ್ತವೆ. ನುಣ್ಣನೆಯ ಪ್ಲಾಸ್ಟಿಕ್ ಮೊರದಲ್ಲಿ ಕೇರಿ ನೋಡಿದವರಿಗೆ ಗೊತ್ತು, ಅಲ್ಲಿ ಕಾಳೂ ಕಲ್ಲೂ ಒಟ್ಟಿಗೇ ಜಾರುತ್ತವೆ. ಕೆಮ್ಮಣ್ಣು ಪ್ಲಾಸ್ಟಿಕ್ಕಿಗೆ ಹಿಡಿಯದಿರಲು ಕಾರಣವೂ ಇಂಥದೇ. ಹಿಡಿದುಕೊಳ್ಳಲು ಅಲ್ಲಿ ಮಣ್ಣಿಗೆ ಆಸರೆಯೇ ಇಲ್ಲ.

ಭೂಮಿ ಹುಣ್ಣಿಮೆಯ ಬುಟ್ಟಿಯನ್ನು ನೋಡಿರಿ. ಅದರಲ್ಲಿ ಇಬ್ಬರ ಕೈಗಳು ಕೂಡಿವೆ. ಬುಟ್ಟಿ ಹೆಣೆದವರು ಮೇದರು. ಅದಕ್ಕೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಪುಂಡಿನಾರಿನ ಕುಂಚದಿಂದ ಅಕ್ಕಿಹಿಟ್ಟಿನ ಬಿಳಿಯ ಗೆರೆಗಳನ್ನು ಎಳೆದವರು ದೀವರ ಹೆಣ್ಣುಮಕ್ಕಳು. ಸೊರಬ ಮತ್ತು ಸಾಗರದ ಸೀಮೆಯಲ್ಲಿ ಮದುವೆ ಮನೆಯ ಗೋಡೆಗೆ ಬರೆಯುವ ಹಸೆ ಚಿತ್ತಾರವೂ ಇದೇ ಕೈಗಳದು. ಅನೇಕ ಬಗೆಯ ಸೊಪ್ಪುಗಳನ್ನು ಬೇಯಿಸಿ ಕಲಸಿದ ಚರಗವನ್ನು ಆ ಬುಟ್ಟಿಯಲ್ಲಿಟ್ಟು ಗದ್ದೆಗೆ ಹೊತ್ತೊಯ್ಯುತ್ತಾರೆ. ತುಂಬು ಗರ್ಭಿಣಿಯಾದ ಭೂತಾಯಿಗೆ ಅದು ಬಯಕೆಯ ಊಟ. ಮೇದರ ಬುಟ್ಟಿ ಇಲ್ಲವಾದರೆ ದೀವರ ಚಿತ್ತಾರಕ್ಕೆ ನೆಲೆಯಿಲ್ಲ. ಒಂದು ಕಾಯಕ ನಿಂತರೆ ಅದನ್ನು ನೆಚ್ಚಿದ ಇನ್ನೊಂದು ಕಾಯಕ ಅಲುಗಾಡುತ್ತದೆ ಎಂಬುದನ್ನು ಅಂದು ನನ್ನ ಬಾಗಿಲಲ್ಲಿ ನಿಂತ ಹೆಣ್ಣುಮಗಳ ಕೆಂಪು ಬೆರಳುಗಳು ತೋರಿಸಿಕೊಟ್ಟವು.

ಆ ಮೊರವನ್ನು ಒರೆಸುವಾಗ ಅದನ್ನು ಹೆಣೆದವಳ ನೆನಪಾಯಿತು. ನಾನು ಸೊಸೆಯಾಗಿ ಈ ಮನೆಗೆ ಬಂದ ಕಾಲದಲ್ಲಿ ಸುಗ್ಗಿಗೆ ಮುಂಚೆ ಮೇದರ ಅಜ್ಜಿಯೊಬ್ಬಳು ತಲೆಯ ಮೇಲೆ ಮೊರಗಳ ಅಟ್ಟಿಯನ್ನು ಹೊತ್ತು ತಪ್ಪದೆ ಬರುತ್ತಿದ್ದಳು. ನಮ್ಮ ಅತ್ತೆಯವರು ಆಕೆಗೆ ಭತ್ತ ಅಳೆದು ಕೊಡುತ್ತಿದ್ದರು. ಹಣದ ಮಾತೇ ಇರಲಿಲ್ಲ. ಯಜಮಾನಿಕೆ ನನ್ನ ಕೈಗೆ ಬಂದ ಮೇಲೆ ನಾನು ರೂಪಾಯಿಯಲ್ಲಿ ಕೊಡತೊಡಗಿದೆ; ಚೌಕಾಶಿಯೂ ಅದರ ಬೆನ್ನಿಗೇ ಬಂತು. ಕೊನೆಯ ಸಲ ಆಕೆ ಬಂದಾಗ, ಪೇಟೆಯಲ್ಲಿ ಪ್ಲಾಸ್ಟಿಕ್ಕಿನದು ಇದರ ಅರ್ಧ ಬೆಲೆಗೆ ಸಿಗುತ್ತದೆಂದು ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೆಲೆ ಬೇಕಾದರೆ ಕಡಿಮೆ ಮಾಡಿಕೊಡುತ್ತೇನೆ ತಾಯಿ, ಸಲಕೆ ಕಡಿಮೆ ಮಾಡಿ ಹೆಣೆಯಲು ನನಗೆ ಬರುವುದಿಲ್ಲ" ಎಂದಳು. ನಾನು ಬೆಲೆಯನ್ನು ಕಡಿಮೆ ಮಾಡಿಸಿಯೇ ಕೊಂಡೆ. ಮರುವರ್ಷ ಆಕೆ ಬರಲಿಲ್ಲ. ನಾನೂ ವಿಚಾರಿಸಲಿಲ್ಲ. ಈ ತಪ್ಪನ್ನು ನಾನು ಇನ್ನಾರ ಮೇಲೂ ಹೊರಿಸುವಂತಿಲ್ಲ.

ನಮ್ಮ ಶಿಕಾರಿಪುರ ತಾಲ್ಲೂಕು ಬಳ್ಳಿಗಾವಿಯ ಅಲ್ಲಮಪ್ರಭುಗಳ, ಉಡುತಡಿಯ ಅಕ್ಕಮಹಾದೇವಿಯವರ ನೆಲ. ಹನ್ನೆರಡನೆಯ ಶತಮಾನದ ಆ ಶರಣ ಸಮೂಹದಲ್ಲಿ ಮೊರ ಬುಟ್ಟಿಗಳನ್ನು ಹೆಣೆದು ಮಾರಿ, ಬಂದುದರಲ್ಲಿ ದಾಸೋಹ ನಡೆಸಿದ ಮೇದರ ಕೇತಯ್ಯನವರಿದ್ದರು. ಹಗ್ಗ ಹೊಸೆದ ನುಲಿಯ ಚಂದಯ್ಯನವರಿದ್ದರು. ಮಡಕೆ ಮಾಡಿದ ಕುಂಬಾರ ಗುಂಡಯ್ಯನವರ ಮೇಲೆ ಹರಿಹರ ಕವಿ ರಗಳೆಯನ್ನೇ ಬರೆದನು. ಇವರ ಹೆಸರುಗಳ ಹಿಂದೆಯೇ ಅವರ ಕಾಯಕವಿದೆ. ಕಾಯಕವನ್ನು ಬಿಟ್ಟು ಅವರ ಹೆಸರನ್ನು ಹೇಳುವುದೇ ಸಾಧ್ಯವಿಲ್ಲ. ಬಿದಿರ ಮೆಳೆಯಲ್ಲಿ ಹೊನ್ನು ಸುರಿದರೂ ಅದು ತನ್ನ ದುಡಿಮೆಯ ಗಳಿಕೆಯಲ್ಲವೆಂದು ಕೇತಯ್ಯನವರು ಮುಟ್ಟಲಿಲ್ಲವೆಂಬ ಐತಿಹ್ಯವನ್ನು ನಾವು ಪುರಾಣ ಪ್ರವಚನಗಳಲ್ಲಿ ಕೇಳಿ ತಲೆದೂಗುತ್ತೇವೆ. ಆದರೆ ಅದೇ ಕೇತಯ್ಯನವರ ಕಾಯಕವನ್ನು ಇಂದು ಮಾಡುವವರು ಬಾಗಿಲಿಗೆ ಬಂದಾಗ ಹತ್ತು ರೂಪಾಯಿಗೆ ಜಗ್ಗಾಡುತ್ತೇವೆ. ಕಾಯಕವನ್ನು ಗೌರವಿಸುವುದೆಂದರೆ ಜಯಂತಿಯ ದಿನ ಹಾರ ಹಾಕುವುದಷ್ಟೇ ಅಲ್ಲ, ಕಾಯಕದ ಫಲಕ್ಕೆ ನ್ಯಾಯವಾದ ಬೆಲೆ ಕೊಡುವುದೂ ಹೌದು.

ಎಲ್ಲ ದೋಷವೂ ನಮ್ಮ ಚೌಕಾಶಿಯದಲ್ಲ ಎಂಬುದನ್ನೂ ಹೇಳಬೇಕು. ಮೇದರಿಗೆ ಬಿದಿರೇ ದುರ್ಲಭವಾಯಿತು. ಬಿದಿರು ಹಲವು ದಶಕಗಳಿಗೊಮ್ಮೆ ಒಟ್ಟಾಗಿ ಹೂಬಿಟ್ಟು, ಬಿದಿರಕ್ಕಿ ಉದುರಿಸಿ, ಮೆಳೆಮೆಳೆಯೇ ಸತ್ತುಹೋಗುವ ಸಸ್ಯ. ಮತ್ತೆ ಹೆಣೆಯಲು ಯೋಗ್ಯವಾದ ಗಳು ಬರುವವರೆಗೆ ವರ್ಷಗಟ್ಟಲೆ ಕಾಯಬೇಕು. ಅದರ ಮೇಲೆ ಕಾಡಿನ ಬಿದಿರು ಕಾಗದದ ಕಾರ್ಖಾನೆಗಳಿಗೂ ಹೋಗತೊಡಗಿತು. 1970ರ ದಶಕದಲ್ಲಿ ನೆರೆಯ ಉತ್ತರ ಕನ್ನಡ ಜಿಲ್ಲೆಯ ಬುಟ್ಟಿ ಹೆಣೆಯುವವರು ಬಿದಿರು ನಾಶವಾಗುತ್ತಿದೆ ಎಂದು ದೂರಿದಾಗ, ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಆ ಕಾಡುಗಳಲ್ಲಿ ಅಧ್ಯಯನ ನಡೆಸಿದರು. ಮೆಳೆಯ ಬುಡದ ಮುಳ್ಳಿನ ಹೊದಿಕೆಯನ್ನು ಸವರಿ ಸ್ವಚ್ಛಗೊಳಿಸಿದರೆ ಬಿದಿರು ಚೆನ್ನಾಗಿ ಬೆಳೆಯುತ್ತದೆ ಎಂದು ಆಗ ನಂಬಲಾಗಿತ್ತು. ಆದರೆ ಆ ಮುಳ್ಳೇ ಎಳೆಯ ಕಳಲೆಗೆ ರಕ್ಷೆಯೆಂದೂ, ಮುಳ್ಳು ಹೋದರೆ ದನಕರುಗಳೂ ಕಾಡುಪ್ರಾಣಿಗಳೂ ಕಳಲೆಯನ್ನು ತಿಂದುಬಿಡುತ್ತವೆಂದೂ ಹಳ್ಳಿಗರು ಹೇಳುತ್ತಿದ್ದರು. ಅಧ್ಯಯನವು ಹಳ್ಳಿಗರ ಮಾತನ್ನೇ ಸಮರ್ಥಿಸಿತು. ಬುಟ್ಟಿ ಹೆಣೆಯುವವರ ತಿಳಿವಳಿಕೆ ಕೈಬೆರಳುಗಳಲ್ಲಿ ಮಾತ್ರ ಇರುವುದಲ್ಲ. ಅದು ಕಾಡಿನವರೆಗೂ ಚಾಚಿದೆ.

ಕಾನೂನಿನಲ್ಲಿಯೂ ಬದಲಾವಣೆಗಳಾದವು. 2006ರ ಅರಣ್ಯ ಹಕ್ಕು ಕಾಯ್ದೆಯು ಬಿದಿರನ್ನು ಕಿರು ಅರಣ್ಯ ಉತ್ಪನ್ನಗಳಲ್ಲಿ ಸೇರಿಸಿತು. 2017ರಲ್ಲಿ ಭಾರತೀಯ ಅರಣ್ಯ ಕಾಯ್ದೆಗೆ ತಿದ್ದುಪಡಿಯಾಗಿ, ಕಾಡಿನ ಹೊರಗೆ ಬೆಳೆದ ಬಿದಿರನ್ನು "ಮರ" ಎಂಬ ವ್ಯಾಖ್ಯೆಯಿಂದ ಕೈಬಿಡಲಾಯಿತು. ಸಸ್ಯಶಾಸ್ತ್ರದ ಪ್ರಕಾರ ಬಿದಿರು ಹುಲ್ಲಿನ ಜಾತಿಯದು. ಮೇದರ ಅಜ್ಜಿಯಂಥವರ ಕಾಲಕ್ಕೆ ಇವು ಬರಲಿಲ್ಲ ಎಂಬುದಷ್ಟೇ ವ್ಯಥೆ.

ಇದೇ ಸಂಕಟವನ್ನು ಎದುರಿಸಿದ ಇನ್ನೊಂದು ದೇಶದ ಕಥೆಯನ್ನು ಇಲ್ಲಿ ಹೇಳುವುದು ಉಚಿತ. ಜಪಾನು ನಮಗಿಂತ ಬಹಳ ಮೊದಲೇ ಯಂತ್ರಗಳ ನಾಡಾಯಿತು. ಕಾರ್ಖಾನೆಯ ಅಗ್ಗದ ಸಾಮಾನುಗಳ ಮುಂದೆ ಹಳ್ಳಿಯ ಕುಂಬಾರ, ನೇಕಾರ, ಬುಟ್ಟಿ ಹೆಣೆಯುವವರು ಸೋಲತೊಡಗಿದಾಗ ಯಾನಗಿ ಸೊಯೆತ್ಸು ಎಂಬ ಚಿಂತಕರು (1889-1961) ಒಂದು ವಿಚಾರವನ್ನು ಮುಂದಿಟ್ಟರು. ಅರಮನೆಗಾಗಿ ಮಾಡಿದ ಅಲಂಕಾರದ ವಸ್ತುಗಳಲ್ಲಿ ಮಾತ್ರವಲ್ಲ, ಹೆಸರಿಲ್ಲದ ಕುಶಲಕರ್ಮಿಗಳು ಜನಸಾಮಾನ್ಯರ ನಿತ್ಯದ ಬಳಕೆಗಾಗಿ ಮಾಡಿದ ಬಟ್ಟಲು, ಚಾಪೆ, ಬುಟ್ಟಿಗಳಲ್ಲಿಯೂ ನಿಜವಾದ ಸೌಂದರ್ಯವಿದೆ. ಬಳಕೆಯಿಂದಲೇ ಆ ಸೌಂದರ್ಯ ಹುಟ್ಟುತ್ತದೆ ಎಂಬುದು ಅವರ ನಿಲುವು. 1925ರಲ್ಲಿ ಅವರು ಹಮಾದಾ ಶೋಜಿ, ಕವಾಯ್ ಕಾಂಜಿರೋ ಎಂಬ ಕುಂಬಾರ ಮಿತ್ರರೊಡನೆ ಕೂಡಿ ಇದಕ್ಕೆ "ಮಿಂಗೇಯ್" ಎಂಬ ಹೊಸ ಪದವನ್ನು ಕಟ್ಟಿದರು. ಜನಸಾಮಾನ್ಯರ ಕರಕುಶಲ ಎಂದು ಅದರ ಅರ್ಥ. 1936ರಲ್ಲಿ ಟೋಕಿಯೋ ನಗರದಲ್ಲಿ ಇಂತಹ ವಸ್ತುಗಳ ಸಂಗ್ರಹಾಲಯವೂ ತೆರೆಯಿತು.

1974ರಲ್ಲಿ ಜಪಾನು ಸಾಂಪ್ರದಾಯಿಕ ಕರಕುಶಲಗಳಿಗಾಗಿ ಒಂದು ಕಾಯ್ದೆಯನ್ನೇ ಮಾಡಿತು. ಅದರ ಮನ್ನಣೆ ಸಿಗಬೇಕಾದರೆ ವಸ್ತುವು ಮುಖ್ಯವಾಗಿ ಕೈಯಿಂದ ಆಗಿರಬೇಕು, ಪರಂಪರೆಯ ವಿಧಾನದಿಂದಲೂ ಪರಂಪರೆಯ ಸಾಮಗ್ರಿಯಿಂದಲೂ ಆಗಿರಬೇಕು, ಒಂದು ಪ್ರದೇಶದಲ್ಲಿ ಅದನ್ನು ಮಾಡುವವರು ಸಾಕಷ್ಟು ಮಂದಿ ಇರಬೇಕು. ಇವೆಲ್ಲಕ್ಕೂ ಮೊದಲು ಅದು ಮುಖ್ಯವಾಗಿ ಜನರ ದಿನನಿತ್ಯದ ಬಾಳಿನಲ್ಲಿ ಬಳಕೆಯಾಗುವ ವಸ್ತುವಾಗಿರಬೇಕು. ಈ ಒಂದು ನಿಬಂಧನೆ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿತು. ಗೋಡೆಗೆ ತೂಗುಹಾಕುವುದಲ್ಲ, ಬಳಸುವುದು.

ಫುಕುಶಿಮಾ ಪ್ರಾಂತದ ಪರ್ವತಗಳ ನಡುವೆ ಮಿಶಿಮಾ ಎಂಬ ಸಣ್ಣ ಊರಿದೆ. ಚಳಿಗಾಲದಲ್ಲಿ ಅಲ್ಲಿ ಹಿಮ ಬಿದ್ದು ಹೊರಗಿನ ಬೇಸಾಯವೆಲ್ಲ ನಿಲ್ಲುತ್ತದೆ. ಆ ತಿಂಗಳುಗಳಲ್ಲಿ ಹಳ್ಳಿಗರು ಕಾಡಿನಿಂದ ತಂದಿಟ್ಟ ಜೊಂಡಿನಂತಹ ಹುಲ್ಲು, ಕಾಡುದ್ರಾಕ್ಷಿ ಬಳ್ಳಿಯ ತೊಗಟೆ ಹಾಗೂ ಮತಾತಾಬಿ ಎಂಬ ಇನ್ನೊಂದು ಬಳ್ಳಿಯಿಂದ ಚೀಲ ಬುಟ್ಟಿಗಳನ್ನು ಹೆಣೆಯುತ್ತಾರೆ. ಮತಾತಾಬಿಯ ಬುಟ್ಟಿ ಅಕ್ಕಿ ತೊಳೆಯಲು. ನೀರು ತಾಗಿದರೆ ಅದು ಮೃದುವಾಗಿ ಕೈಗೂ ಅಕ್ಕಿಗೂ ಹಿತವಾಗುತ್ತದೆ. 1981ರಲ್ಲಿ ಆ ಊರು ನಿತ್ಯಜೀವನದ ಕರಕುಶಲಗಳಿಗಾಗಿಯೇ ಒಂದು ಚಳವಳಿಯನ್ನು ಆರಂಭಿಸಿತು. 2003ರಲ್ಲಿ ಆ ಹೆಣಿಗೆಗೆ ಸರ್ಕಾರದ ಮನ್ನಣೆಯೂ ದೊರೆಯಿತು. ಅಕ್ಕಿ ತೊಳೆಯುವ ಬುಟ್ಟಿಗೆ ರಾಷ್ಟ್ರದ ಮನ್ನಣೆ! ನಮ್ಮ ಸಿಬ್ಬಲನ್ನು ನೆನೆದು ನನಗೆ ಸಂತೋಷವೂ ಆಯಿತು, ನಾಚಿಕೆಯೂ ಆಯಿತು.

ನಮ್ಮ ದೇಶದಲ್ಲಿಯೂ ಹಿರಿಯರು ಸುಮ್ಮನಿರಲಿಲ್ಲ. ಮಂಗಳೂರಿನಲ್ಲಿ 1903ರಲ್ಲಿ ಜನಿಸಿದ ಕಮಲಾದೇವಿ ಚಟ್ಟೋಪಾಧ್ಯಾಯರು 1952ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಕರಕುಶಲ ಮಂಡಳಿಯ ಚುಕ್ಕಾಣಿ ಹಿಡಿದು ಅಳಿಯುತ್ತಿದ್ದ ಎಷ್ಟೋ ಕಸುಬುಗಳಿಗೆ ಜೀವ ತುಂಬಿದರು. ನಮ್ಮ ರಾಜ್ಯದಲ್ಲಿ 1964ರಲ್ಲಿ ಕರಕುಶಲ ಅಭಿವೃದ್ಧಿ ನಿಗಮವು ಆರಂಭವಾಗಿ ಕಾವೇರಿ ಮಳಿಗೆಗಳು ಬಂದವು. ಸೊರಬ ಸಾಗರಗಳ ಗುಡಿಗಾರರ ಶ್ರೀಗಂಧದ ಕೆತ್ತನೆ ಲೋಕಪ್ರಸಿದ್ಧವಾಯಿತು. ಚನ್ನಪಟ್ಟಣದ ಬೊಂಬೆ, ಬಿದರಿ ಕೆಲಸ, ಇಳಕಲ್ ಸೀರೆಗಳಿಗೆ ಭೌಗೋಳಿಕ ಗುರುತು ದೊರೆಯಿತು. ಇವೆಲ್ಲವೂ ಹೆಮ್ಮೆಯ ಸಂಗತಿಗಳು. ಆದರೂ ಒಂದು ಮಾತು. ಗಂಧದ ಮೂರ್ತಿಯನ್ನು ಉಡುಗೊರೆಗಾಗಿ ಕೊಳ್ಳುವವರು ಎಲ್ಲಿಂದಲೋ ಬರುತ್ತಾರೆ, ಅದು ಗಾಜಿನ ಕಪಾಟಿನಲ್ಲಿ ಬಾಳುತ್ತದೆ. ಮೊರವನ್ನು ಕೊಳ್ಳಬೇಕಾದವರು ನಾವೇ, ಅದು ಬಾಳಬೇಕಾದುದು ನಮ್ಮ ಅಡುಗೆಮನೆಯಲ್ಲಿಯೇ. ಅದೇ ಗುಡಿಗಾರರು ಬೆಂಡಿನಿಂದ ಮಾಡುವ ಮದುವೆಯ ಬಾಸಿಂಗವನ್ನು ನೋಡಿ. ಮದುವೆಗಳಲ್ಲಿ ಬಾಸಿಂಗ ಕಟ್ಟುವವರೆಗೆ ಮಾತ್ರ ಆ ಕೈಕೆಲಸ ಉಳಿದೀತು.

ಇಲ್ಲಿ ಓದುಗರಲ್ಲಿ ಕೆಲವರು ಒಂದು ಆಕ್ಷೇಪವನ್ನು ಎತ್ತಬಹುದು. "ಈಗ ಅಕ್ಕಿ ಗಿರಣಿಯಿಂದ ಹಸನಾಗಿಯೇ ಬರುತ್ತದೆ, ಗದ್ದೆಗಳು ಅಡಿಕೆ ತೋಟಗಳಾಗುತ್ತಿವೆ, ಮೊರಕ್ಕೆ ಕೆಲಸವೇನು? ಮೇದರ ಮಕ್ಕಳೂ ಓದಿ ನೌಕರಿ ಹಿಡಿಯಬಾರದೇ?" ಈ ಮಾತು ನ್ಯಾಯವಾದುದು. ನಮ್ಮ ನೆನಪುಗಳನ್ನು ಹಸಿರಾಗಿಡುವುದಕ್ಕಾಗಿ ಯಾವ ಮಗುವೂ ತಾತನ ಕತ್ತಿಯನ್ನೇ ಹಿಡಿಯಬೇಕೆಂದು ಬಯಸುವುದು ಅಧರ್ಮ. ಶರಣರು ಕಾಯಕವನ್ನು ಹುಟ್ಟಿಗೆ ಕಟ್ಟಿಹಾಕಲಿಲ್ಲ, ಅದಕ್ಕೆ ಘನತೆಯನ್ನು ತಂದುಕೊಟ್ಟರು. ಆದುದರಿಂದ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಬಿದಿರ ಕೆಲಸವನ್ನು ಮಾಡಬೇಕೆಂದು ಇಷ್ಟಪಡುವ ಒಬ್ಬ ತರುಣನಿಗೋ ತರುಣಿಗೋ ಅದರಿಂದ ಮಾನವಾಗಿ ಬದುಕಲು ಸಾಧ್ಯವೇ? ಇಂದು ಅದು ಕಷ್ಟ. ಅದನ್ನು ಸಾಧ್ಯವಾಗಿಸುವುದು ಸರ್ಕಾರದ ಯೋಜನೆಯೊಂದರಿಂದಲೇ ಆಗದು. ಕೊಳ್ಳುವ ಮನೆಗಳು ಬೇಕು.

ಬಳಕೆಗೆ ದಾರಿಗಳು ಇಲ್ಲದಿಲ್ಲ. ಅಕ್ಕಿ ಹಸನಾಗಿ ಬಂದರೂ ಹೆಸರು, ಉದ್ದು, ರಾಗಿಗಳನ್ನು ಕೇರಲು ಮೊರ ಬೇಕು. ಹಪ್ಪಳ ಸಂಡಿಗೆ ಒಣಗಿಸಲು ಮೊರದಷ್ಟು ಅನುಕೂಲವಾದುದು ಇನ್ನೊಂದಿಲ್ಲ, ಕೆಳಗಿನಿಂದಲೂ ಗಾಳಿಯಾಡುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಆಲೂಗೆಡ್ಡೆಗಳು ಬಿದಿರು ಬುಟ್ಟಿಯಲ್ಲಿ ಬೆವರದೆ ಉಳಿಯುತ್ತವೆ. ನಮ್ಮ ರಾಜ್ಯದಲ್ಲಿ 2016ರಲ್ಲಿಯೇ ಪ್ಲಾಸ್ಟಿಕ್ ಕೈಚೀಲಗಳ ನಿಷೇಧವಾಯಿತು. ಸಂತೆಗೆ ಬುಟ್ಟಿ ಹಿಡಿದು ಹೋಗಲು ನಾಚಿಕೆಯೇಕೆ? ಮದುವೆ, ಗೃಹಪ್ರವೇಶಗಳಲ್ಲಿ ಬಂದವರಿಗೆ ಹಂಚುವ ಪ್ಲಾಸ್ಟಿಕ್ ಡಬ್ಬಿಗೆ ಬದಲು ಒಂದು ಪುಟ್ಟ ಬಿದಿರಿನ ತಟ್ಟೆಯನ್ನು ಕೊಟ್ಟರೆ ಒಂದು ಮೇದರ ಕುಟುಂಬಕ್ಕೆ ತಿಂಗಳುಗಟ್ಟಲೆ ಕೆಲಸವಾದೀತು. ಮಠಗಳ ದಾಸೋಹದ ಮನೆಗಳಲ್ಲಿ ಅನ್ನ ಬಸಿಯಲು, ತರಕಾರಿ ತುಂಬಲು ಬುಟ್ಟಿಗಳು ಮರಳಿ ಬಂದರೆ ಅದು ಕೇತಯ್ಯನವರಿಗೆ ಸಲ್ಲುವ ನಿಜವಾದ ನಮನ. ಒಂದೇ ಎಚ್ಚರ: ಬುಟ್ಟಿ ಮೊರಗಳು ನೆನೆದರೆ ಕೂಡಲೇ ಗಾಳಿಯಲ್ಲಿ ಒಣಗಿಸಬೇಕು, ತೇವದಲ್ಲಿಯೇ ಬಿಟ್ಟರೆ ಬೂಸಲು ಹಿಡಿಯುತ್ತದೆ.

ಹುಣ್ಣಿಮೆಯ ಬೆಳಗಿನ ಜಾವ ನೆರೆಮನೆಯವರು ಗದ್ದೆಗೆ ಹೊರಟರು. ನಾನೂ ಮೊಮ್ಮಗಳನ್ನು ಕರೆದುಕೊಂಡು ಜೊತೆಗೆ ಹೋದೆ. ನಮ್ಮ ಹಳೆಯ ಬುಟ್ಟಿ ಕೆಮ್ಮಣ್ಣಿನ ಮೈಯಲ್ಲಿ ಬಿಳಿಯ ಗೆರೆಗಳನ್ನು ಧರಿಸಿ ಆ ಸೊಸೆಯ ತಲೆಯ ಮೇಲೆ ಕುಳಿತಿತ್ತು. ಮಣ್ಣು ಎಲ್ಲಿಯೂ ಬಿರಿದಿರಲಿಲ್ಲ.

ಮುಂದಿನ ಸಂತೆಯ ದಿನ ವಿಚಾರಿಸುತ್ತ ಹೋದಾಗ, ಸಂತೆಯ ಕೊನೆಯಲ್ಲಿ ಬುಟ್ಟಿ ಮೊರಗಳನ್ನು ಇಟ್ಟುಕೊಂಡು ಕುಳಿತಿದ್ದ ದಂಪತಿಗಳು ಸಿಕ್ಕಿದರು. ಎರಡು ಬುಟ್ಟಿ, ಒಂದು ಮೊರ ಕೊಂಡೆ. ಬುಟ್ಟಿಗಳಲ್ಲಿ ಒಂದು ನೆರೆಮನೆಗೆ. ಅವರು ಹೇಳಿದ ಬೆಲೆಯನ್ನೇ ಕೊಟ್ಟೆ. ಚೌಕಾಶಿಗೆ ಸಿದ್ಧವಾಗಿಯೇ ಬೆಲೆ ಹೇಳಿದ್ದ ಆ ಹೆಣ್ಣುಮಗಳು ಒಂದು ಕ್ಷಣ ನನ್ನ ಮುಖವನ್ನೇ ನೋಡಿದಳು. ಅನಂತರ ತಾನಾಗಿಯೇ ಒಂದು ಪುಟ್ಟ ಮೊರವನ್ನು ತೆಗೆದು ಮೊಮ್ಮಗಳ ಕೈಗೆ ಕೊಟ್ಟಳು. ಬೆಲೆ ಕೇಳಿದರೆ, "ಮಗುವಿಗೆ" ಎಂದಳು.

ಹಳೆಯ ಮೊರಕ್ಕೆ ಮೆಂತ್ಯ ಬಳಿದು ಒಣಗಿಸಿದ್ದೇನೆ. ಅದು ಮತ್ತೆ ಅಟ್ಟ ಹತ್ತುವುದಿಲ್ಲ. ನಿಮ್ಮ ಮನೆಯ ಅಟ್ಟದ ಮೇಲೂ ಒಂದು ಮೊರ ಇರಬಹುದು. ಈ ಭಾನುವಾರ ಕೆಳಗಿಳಿಸಿ ನೋಡಿರಿ.